ನಮೀಬಿಯಾದ ಬೇಟೆ ಸಫಾರಿಗೆ ಯಾವ ಬಟ್ಟೆ, ಯಾವ ಶೂ?

ಜೋಬರ್ಗ್_ಹುಬ್ಳಿ

ಎಲ್ಲರಿಗೂ ನಮಸ್ಕಾರ. ಊರು ಹುಬ್ಬಳ್ಳಿ, ಕೆಲಸ ಜೋಹಾನ್ಸ್‌ಬರ್ಗ್‌ನಲ್ಲಿ. ಜುಲೈನಲ್ಲಿ ನಮ್ಮ ಆಫೀಸಿನ ಹಿರಿಯರೊಬ್ಬರು ನಮೀಬಿಯಾಕ್ಕೆ ಬೇಟೆಗೆ ಹೊರಟಿದ್ದಾರೆ. ಒಚಿವರಾಂಗೊ ಪಟ್ಟಣದ ಹತ್ತಿರ ಒಂದು ಫಾರಂ. ಲೈಸೆನ್ಸು, ಗೈಡು ಎಲ್ಲ ಅವರದೇ ವ್ಯವಸ್ಥೆ. ನನ್ನನ್ನೂ ಕರೆದಿದ್ದಾರೆ. ನಾನು ಕೋವಿ ಮುಟ್ಟುವುದಿಲ್ಲ, ಜೊತೆಗೆ ನಡೆದು ಫೋಟೊ ತೆಗೆಯುವುದಷ್ಟೇ. ಅದು ಮುಗಿದ ಮೇಲೆ ಹೆಂಡತಿ ಬಂದು ಸೇರಿಕೊಳ್ಳುತ್ತಾಳೆ. ಇಬ್ಬರೂ ಕಾರಿನಲ್ಲಿ ಬೋಟ್ಸ್ವಾನಾ ದಾಟಿ ಜಾಂಬಿಯಾದ ಲಿವಿಂಗ್‌ಸ್ಟನ್‌ಗೆ ಹೋಗಿ ವಿಕ್ಟೋರಿಯಾ ಜಲಪಾತ ನೋಡುವ ಯೋಚನೆ.

ನನ್ನ ಹತ್ತಿರ ಈಗ ಇರುವುದು ಇಷ್ಟು: ಕಳೆದ ರಜೆಯಲ್ಲಿ ಬೆಂಗಳೂರಿನ ಮಿಲಿಟರಿ ಸಾಮಾನಿನ ಅಂಗಡಿಯಲ್ಲಿ ತಗೊಂಡ ಕ್ಯಾಮೊಫ್ಲಾಜ್ ಪ್ಯಾಂಟು, ನೀಲಿ ಜೀನ್ಸ್, ಓಡುವ ಶೂ, ಸರಸರ ಅನ್ನುವ ಮಳೆ ಜಾಕೆಟ್, ಅಮ್ಮ ಹೆಣೆದ ಕಂದು ಸ್ವೆಟರ್. ಇದರಲ್ಲಿ ಏನು ನಡೆಯುತ್ತದೆ, ಏನು ಹೊಸದಾಗಿ ತಗೋಬೇಕು? ಸುಮ್ನೆ ದುಡ್ಡು ಸುರಿಯಲು ಇಷ್ಟ ಇಲ್ಲ.

ವಿಂಡ್‌ಹುಕ್_ಮಾಮ

ಸ್ವೆಟರ್ ಬಿಟ್ಟು ಬೇರೆ ಏನೂ ನಡೆಯಲ್ಲ ಮಾರಾಯರೇ! ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಚಳಿಯ ಮಾತು. ಜುಲೈ ಇಲ್ಲಿ ನಡು ಚಳಿಗಾಲ. ಒಚಿವರಾಂಗೊ ಕಡೆ ಬೆಳಗಿನ ಜಾವ ನಾಲ್ಕೈದು ಡಿಗ್ರಿಗೆ ಇಳಿಯುವುದು ಮಾಮೂಲು, ಕೆಲವು ದಿನ ಇನ್ನೂ ಕೆಳಗೆ. ಮಧ್ಯಾಹ್ನ 23–24 ಡಿಗ್ರಿ. ಮೋಡ ಇಲ್ಲ, ಮಳೆ ಇಲ್ಲ. ಜೋಬರ್ಗ್ ಚಳಿ ನಿಮಗೆ ಗೊತ್ತೇ ಇದೆ. ಆದರೆ ಅಲ್ಲಿ ನೀವು ಆಫೀಸಿಗೆ ಮುಚ್ಚಿದ ಕಾರಿನಲ್ಲಿ ಹೋಗುತ್ತೀರಿ. ಇಲ್ಲಿ ಸೂರ್ಯ ಹುಟ್ಟುವ ಮುಂಚೆ ತೆರೆದ ಪಿಕಪ್ಪಿನ ಹಿಂದೆ, ಎತ್ತರದ ಸೀಟಿನಲ್ಲಿ ಕೂರಿಸುತ್ತಾರೆ. ಇಲ್ಲಿಯವರು ಆ ಗಾಡಿಗೆ ಬಕ್ಕಿ ಅನ್ನುತ್ತಾರೆ. ಅದು ನಲವತ್ತರ ವೇಗದಲ್ಲಿ ಹೋಗುತ್ತಿರುವಾಗ ಗಾಳಿ ಕಿವಿ ಕಿತ್ತುಹಾಕುತ್ತದೆ. ಮಂಕಿ ಕ್ಯಾಪ್, ಕೈಗೆ ತೆಳು ಗ್ಲೌಸ್, ಕುತ್ತಿಗೆಗೆ ಮಫ್ಲರ್ ಬೇಕೇ ಬೇಕು. ಫೋಟೊ ತೆಗೆಯುವವರಿಗಂತೂ ಬೆರಳು ಮರಗಟ್ಟಿದರೆ ಕೆಲಸ ಕೆಟ್ಟಿತು.

ಒಂಬತ್ತು ಗಂಟೆಗೆ ಸ್ವೆಟರ್ ಬಿಚ್ಚುತ್ತೀರಿ. ಹನ್ನೊಂದಕ್ಕೆ ಬರೀ ಅಂಗಿ. ಅದಕ್ಕೇ ಒಂದು ದಪ್ಪ ಜಾಕೆಟ್ ಬೇಡ, ತೆಳುವಾದ ಮೂರು ಪದರ ಇರಲಿ. ಒಳಗೆ ಬನಿಯನ್ ಥರದ್ದು, ಮೇಲೆ ಸ್ವೆಟರ್, ಅದರ ಮೇಲೆ ಉದ್ದ ತೋಳಿನ ಕಾಟನ್ ಅಂಗಿ. ಬಕ್ಕಿಯಲ್ಲಿ ಕೂತಾಗ ಮಾತ್ರ ಒಂದು ದೊಗಳೆ ಜಾಕೆಟ್. ಇಳಿದು ನಡೆಯುವಾಗ ಅದನ್ನು ಗಾಡಿಯಲ್ಲೇ ಬಿಡಿ.

ಇನ್ನು ಸದ್ದು. ಕೂಡು ಅನ್ನುವ ಜಿಂಕೆ ಥರದ ದೊಡ್ಡ ಪ್ರಾಣಿಯ ಕಿವಿ ನೋಡಿದ್ದೀರಾ? ಮೊರದ ಹಾಗಿರುತ್ತದೆ. ನಿಮ್ಮ ಮಳೆ ಜಾಕೆಟ್ಟಿನ ತೋಳಿನ ಮೇಲೆ ಉಗುರಿನಿಂದ ಒಮ್ಮೆ ಗೀರಿ ನೋಡಿ. ಆ ‘ಸರ್ರ್’ ಸದ್ದನ್ನೇ ಕಾಡಿನಲ್ಲಿ ಪ್ರತಿ ಮುಳ್ಳುಕಂಟಿಯೂ ಮಾಡಿಸುತ್ತದೆ. ಮೆತ್ತಗಿನ ಹಳೇ ಕಾಟನ್ ಆದರೆ ಅದೇ ಮುಳ್ಳು ಗೀರಿದರೂ ಸದ್ದು ಬರುವುದಿಲ್ಲ. ಜೇಬಿಗೆ ವೆಲ್ಕ್ರೋ ಇದ್ದರೆ ಅದೂ ಬೇಡ, ಗುಂಡಿ ಒಳ್ಳೆಯದು. ಕ್ಯಾಮೆರಾ ಬೆಲ್ಟಿನ ಲೋಹದ ಕೊಂಡಿಗೆ ಬಟ್ಟೆ ಪಟ್ಟಿ ಸುತ್ತಿ. ಬೀಗದ ಕೈ ಗೊಂಚಲು ಗಾಡಿಯಲ್ಲೇ ಇರಲಿ.

ಲುಸಾಕಾ_ಶೆಟ್ರು

ಕ್ಯಾಮೊಫ್ಲಾಜ್ ಪ್ಯಾಂಟನ್ನು ಮನೆಯಲ್ಲೇ ಬಿಟ್ಟು ಬನ್ನಿ. ಸೂಟ್‌ಕೇಸಿನ ತಳದಲ್ಲೂ ಬೇಡ. ಜಾಂಬಿಯಾದಲ್ಲಿ ಮತ್ತು ಪಕ್ಕದ ಜಿಂಬಾಬ್ವೆಯಲ್ಲಿ ಸೈನಿಕರಲ್ಲದವರು ಅಂಥ ಚಿತ್ತಾರದ ಬಟ್ಟೆ ಹಾಕುವುದು ಕಾನೂನಿಗೆ ವಿರುದ್ಧ. ಟೋಪಿ, ಬ್ಯಾಗು, ಮಕ್ಕಳ ಟೀ ಶರ್ಟು ಯಾವುದಕ್ಕೂ ರಿಯಾಯಿತಿ ಇಲ್ಲ. ಜಲಪಾತದ ಸೇತುವೆ ದಾಟಿ ಆ ಕಡೆ ಹೋಗುವ ಆಸೆ ಆದರೆ ಎರಡೂ ಕಡೆ ಕಷ್ಟ.

ಜೋಬರ್ಗ್_ಹುಬ್ಳಿ

ಅಯ್ಯೋ, ಇದು ಗೊತ್ತೇ ಇರಲಿಲ್ಲ. ಥ್ಯಾಂಕ್ಸ್ ಶೆಟ್ರೇ. ಹಾಗಾದರೆ ಬಣ್ಣ ಯಾವುದು? ಹಸಿರು ಸರೀನಾ?

ಕುಡ್ಲ_ಖಾಕಿ

ಜುಲೈನಲ್ಲಿ ಆ ಕಡೆ ಹಸಿರು ಎಲ್ಲಿದೆ ಸಾರ್? ಹುಲ್ಲೆಲ್ಲ ಒಣಗಿ ಭತ್ತದ ಹುಲ್ಲಿನ ಬಣ್ಣಕ್ಕೆ ತಿರುಗಿರುತ್ತದೆ. ಗಾಢ ಹಸಿರು ಹಾಕಿದರೆ ಆ ಹಳದಿಯಲ್ಲಿ ಕಪ್ಪಗೆ ಎದ್ದು ಕಾಣುತ್ತೀರಿ. ಮಾಸಲು ಖಾಕಿ, ಮಣ್ಣಿನ ಕಂದು ಇವೇ ಸರಿ.

ಖಾಕಿ ಅಂದ ಮೇಲೆ ನಮ್ಮೂರಿನ ಹೆಮ್ಮೆ ಹೇಳದೆ ಇರೋಕಾಗಲ್ಲ. 1850ರ ದಶಕದಲ್ಲಿ ಮಂಗಳೂರಿನ ಬಲ್ಮಠದ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ ಖಾಕಿ ಬಣ್ಣ ಹಾಕಿ ಬಟ್ಟೆ ತೆಗೆದರು ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ಅದಕ್ಕೂ ಕೆಲವು ವರ್ಷ ಮುಂಚೆಯೇ ಪೇಶಾವರದ ಕಡೆ ಸೈನಿಕರು ಅಂಥದೇ ಮಣ್ಣು ಬಣ್ಣದ ಬಟ್ಟೆ ಹಾಕುತ್ತಿದ್ದರು. ಮೊದಲು ಯಾರು ಅನ್ನುವ ಜಗಳ ಇರಲಿ. ಆ ಬಣ್ಣ ಧೂಳನ್ನು ಮುಚ್ಚಿಕೊಳ್ಳುತ್ತದೆ, ಇವತ್ತಿಗೂ ಅದರ ಉಪಯೋಗ ಅದೇ.

ನೀಲಿ ಜೀನ್ಸ್ ಮಾತ್ರ ಪೂರ್ತಿ ಬೇಡ. ಜಿಂಕೆ ಜಾತಿಯ ಪ್ರಾಣಿಗಳಿಗೆ ನಮ್ಮ ಹಾಗೆ ಕೆಂಪು ಬೇರೆ, ಹಸಿರು ಬೇರೆ ಅಂತ ಕಾಣುವುದಿಲ್ಲ. ನೀಲಿ ಮಾತ್ರ ಚೆನ್ನಾಗಿ ಕಾಣುತ್ತದೆ. ಇನ್ನೊಂದು ವಿಷಯ, ‘ಬಿಳುಪಿಗಿಂತ ಬಿಳುಪು’ ಅಂತ ಜಾಹೀರಾತು ಕೊಡುವ ಸೋಪಿನ ಪುಡಿಗಳಲ್ಲಿ ಹೊಳಪು ಕೊಡುವ ರಾಸಾಯನಿಕ ಇರುತ್ತದೆ. ಆ ಹೊಳಪು ನೀಲಿ ಬೆಳಕೇ. ಖಾಕಿ ಬಟ್ಟೆಯನ್ನು ಅದರಲ್ಲಿ ಒಗೆಯಬೇಡಿ. ನೀಲ ಅಂತೂ ಹಾಕಲೇಬೇಡಿ.

ದುಡ್ಡು ಉಳಿಸಬೇಕಾ? ಖಾಕಿ ಡ್ರಿಲ್ ಬಟ್ಟೆ ತಗೊಂಡು ಟೈಲರ್ ಹತ್ತಿರ ಹೊಲಿಸಿ. ತೊಡೆ ಸಂದಿಯಲ್ಲಿ ಒಂದು ತುಂಡು ಬಟ್ಟೆ ಜಾಸ್ತಿ ಕೊಡಲು ಹೇಳಿ, ಕುಕ್ಕರುಗಾಲಲ್ಲಿ ಕೂತಾಗ ಹರಿಯಬಾರದು. ಮೊಣಕಾಲಿಗೆ ಒಳಗಿನಿಂದ ಇನ್ನೊಂದು ಪದರ. ಹೊಸ ಡ್ರಿಲ್‌ಗೆ ಗಂಜಿ ಇರುತ್ತದೆ, ನಡೆದರೆ ತೊಡೆ ತೊಡೆ ಉಜ್ಜಿ ಸದ್ದು ಬರುತ್ತದೆ. ನಾಲ್ಕು ಸಲ ಬಿಸಿನೀರಿನಲ್ಲಿ ಒಗೆದರೆ ಮೆತ್ತಗಾಗುತ್ತದೆ.

ವಿಂಡ್‌ಹುಕ್_ಮಾಮ

ಬಣ್ಣದ ಬಗ್ಗೆ ಖಾಕಿಯವರು ಹೇಳಿದ್ದು ನಿಜ. ಆದರೆ ಜನ ಬಣ್ಣಕ್ಕೆ ಕೊಡುವ ಗಮನ ವಾಸನೆಗೆ ಕೊಡುವುದಿಲ್ಲ. ಗಾಳಿ ನಿಮ್ಮಿಂದ ಪ್ರಾಣಿಯ ಕಡೆ ಬೀಸಿದರೆ ಯಾವ ಖಾಕಿಯೂ ಕಾಪಾಡುವುದಿಲ್ಲ. ಇಲ್ಲಿ ಗೈಡ್‌ಗಳು ಬೂದಿ ತುಂಬಿದ ಸಣ್ಣ ಚೀಲ ಇಟ್ಟುಕೊಂಡಿರುತ್ತಾರೆ. ಅಲ್ಲಾಡಿಸಿ ಬೂದಿ ಯಾವ ಕಡೆ ಹಾರುತ್ತದೆ ಅಂತ ನೋಡಿಯೇ ಹೆಜ್ಜೆ ಇಡುವುದು. ನಮ್ಮವರ ಬಟ್ಟೆಗೆ ಇರುವ ದೊಡ್ಡ ರೋಗ ನುಸಿಗುಳಿಗೆ. ವರ್ಷವಿಡೀ ಸ್ವೆಟರ್ ಜೊತೆ ಪೆಟ್ಟಿಗೆಯಲ್ಲಿ ಹಾಕಿಟ್ಟು, ತೆಗೆದು ನೇರ ಮೈಮೇಲೆ ಹಾಕಿಕೊಂಡು ಬರುತ್ತಾರೆ. ಅಮ್ಮನ ಸ್ವೆಟರನ್ನು ಈಗಲೇ ಬಾಲ್ಕನಿಯಲ್ಲಿ ಒಂದು ವಾರ ಗಾಳಿಗೆ ನೇತುಹಾಕಿ. ತಲೆಗೆ ಕೊಬ್ಬರಿ ಎಣ್ಣೆ, ಸೆಂಟು ಆ ನಾಲ್ಕು ದಿನ ಬೇಡ.

ಹಸಿರೇ_ಉಸಿರು

ಬಟ್ಟೆ ಶೂ ಇರಲಿ, ಬೇಟೆ ಯಾಕೆ ಬೇಕು ಅಂತ ಯಾರೂ ಕೇಳುತ್ತಿಲ್ಲವಲ್ಲ? ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಿಂತುಹೋದ ಚಟ. ಕೀನ್ಯಾ ಕೂಡ 1977ರಲ್ಲಿ ನಿಲ್ಲಿಸಿತು. ಹೊರಗೆ ಹೋಗಿ ಅದನ್ನೇ ನೋಡಿ ಬರುವುದರಲ್ಲಿ ಏನು ಸಾಹಸ?

ವಿಂಡ್‌ಹುಕ್_ಮಾಮ

ಕೇಳುವುದು ತಪ್ಪಲ್ಲ. ಇಲ್ಲಿ ಲೆಕ್ಕ ಬೇರೆ. ನಮೀಬಿಯಾದಲ್ಲಿ ಹಳ್ಳಿಯವರೇ ನಡೆಸುವ ಸಂರಕ್ಷಣಾ ಪ್ರದೇಶಗಳು 80ಕ್ಕೂ ಹೆಚ್ಚಿವೆ. ಬೇಟೆಯ ಶುಲ್ಕ ಅವುಗಳಿಗೆ ಒಂದು ದೊಡ್ಡ ಆದಾಯ, ಮಾಂಸವೂ ಹಳ್ಳಿಗೇ ಹೋಗುತ್ತದೆ. ಇವರು ಹೋಗುತ್ತಿರುವುದು ಖಾಸಗಿ ಫಾರಂಗೆ, ಅದೂ ಬೇರೆ ಕಥೆ. ನನಗೂ ಕೊಂಬು ಗೋಡೆಗೆ ಹಾಕುವವರನ್ನು ಕಂಡರೆ ಅಷ್ಟಕ್ಕಷ್ಟೇ. ಆದರೆ ಬೇಲಿ ಹಾಕಿ ಬರೀ ದನ ಸಾಕಿದರೆ ಕಾಡುಪ್ರಾಣಿಗೆ ಜಾಗ ಕಡಿಮೆಯಾಗುತ್ತದೆ ಅನ್ನುವುದೂ ನಿಜ.

ನಿರ್ವಾಹಕ

ಈ ವಾದಕ್ಕೆ ಬೇರೆ ಎಳೆ ತೆರೆಯೋಣ. ಇಲ್ಲಿ ಬಟ್ಟೆ, ಶೂ ಮಾತ್ರ.

ಅಟ್ಟೆ_ಹೊಲಿಗೆ

ಶೂ ವಿಷಯಕ್ಕೆ ನಾನು ಬರಲೇಬೇಕು, ಮೂರು ತಲೆಮಾರಿನ ಕಸುಬು ನಮ್ಮದು.

ಓಡುವ ಶೂ ಯಾಕೆ ಬೇಡ ಅಂದರೆ, ಅದರ ಅಟ್ಟೆ ಫೋಮಿನದು. ಆ ಕಡೆ ಒಂಟೆಮುಳ್ಳಿನ ಮರ ಅಂತ ಇದೆ, ನಮ್ಮ ಜಾಲಿಯ ಬಂಧು. ಅದರ ಬಿಳೀ ಮುಳ್ಳು ಬೆರಳುದ್ದ, ನೆಟ್ಟಗೆ. ಫೋಮಿನೊಳಗೆ ಹೊಕ್ಕರೆ ತಡೆಯುವುದಕ್ಕೆ ಏನೂ ಇಲ್ಲ, ನೇರ ಪಾದಕ್ಕೆ. ಕೆಲವು ಸಲ ತುದಿ ಮಾತ್ರ ಮುರಿದು ಅಟ್ಟೆಯಲ್ಲೇ ಉಳಿಯುತ್ತದೆ. ಎರಡು ದಿನ ಏನೂ ಗೊತ್ತಾಗುವುದಿಲ್ಲ, ಮೂರನೇ ದಿನ ಭಾರ ಬಿದ್ದಾಗ ಒಳಗೆ ಬಂದು ಚುಚ್ಚುತ್ತದೆ. ಗಟ್ಟಿ ರಬ್ಬರಿನ ಅಟ್ಟೆ ಬೇಕು. ಮೇಲೆ ಜಾಲರಿ ಬಟ್ಟೆ ಇರುವ ಶೂ ಕೂಡ ಬೇಡ, ಹುಲ್ಲಿನ ಬೀಜ ಎಲ್ಲ ಒಳಗೆ ತೂರಿ ಕಾಲುಚೀಲಕ್ಕೆ ಉತ್ತರಾಣಿ ಥರ ಅಂಟಿಕೊಳ್ಳುತ್ತವೆ.

ನೀವಿರುವ ದೇಶದಲ್ಲೇ ಇದಕ್ಕೆ ಉತ್ತರ ಇದೆ ಸಾರ್. ವೆಲ್ಡ್‌ಸ್ಕೂನ್ ಕೇಳಿರುತ್ತೀರಿ. ಹಿಮ್ಮಡಿ ಗಂಟಿನ ತನಕ ಬರುವ ಮೆತ್ತಗಿನ ಚರ್ಮದ ಶೂ. ಅದನ್ನು ಕೈಯಲ್ಲಿ ಹಿಡಿದು ಅಂಚು ನೋಡಿ. ಸಾಮಾನ್ಯ ಶೂನಲ್ಲಿ ಮೇಲಿನ ಚರ್ಮ ಒಳಕ್ಕೆ ಮಡಿಚಿ ಅಡಿಗೆ ಹೋಗಿರುತ್ತದೆ, ಸಲ್ಯೂಷನ್ ಹಾಕಿ ಅಂಟಿಸಿರುತ್ತಾರೆ. ಇದರಲ್ಲಿ ಚರ್ಮವನ್ನು ಹೊರಕ್ಕೆ ಮಡಿಚಿ ಅಟ್ಟೆಯ ಮೇಲೆ ಸುತ್ತಲೂ ಹೊಲಿಗೆ ಹಾಕಿರುತ್ತಾರೆ. ಹೊಲಿಗೆ ಕಣ್ಣಿಗೇ ಕಾಣುತ್ತದೆ. ಬಿಚ್ಚಿದರೆ ಯಾವ ಊರಲ್ಲಾದರೂ ಮತ್ತೆ ಹೊಲಿಸಬಹುದು. ಪೀಟರ್‌ಮಾರಿಟ್ಸ್‌ಬರ್ಗ್‌ನ ಜಿಮ್ ಗ್ರೀನ್, ಬುಲವಾಯೊದ ಕೋರ್ಟ್‌ನಿ ಶೂಗಳನ್ನು ಬಿಚ್ಚಿ ನೋಡಿದ್ದೇನೆ, ಕೆಲಸ ಚೆನ್ನಾಗಿದೆ. ಕೂಡು ಚರ್ಮದ್ದೇ ಸಿಕ್ಕರೆ ಇನ್ನೂ ಒಳ್ಳೆಯದು. ತೆಳು, ಮೆತ್ತಗೆ, ಆದರೂ ಬಿಗಿ. ಚರ್ಮದ ಮೇಲೆ ಉದ್ದುದ್ದ ಗೀರು ಇರುತ್ತವೆ, ಅದು ದೋಷ ಅಲ್ಲ. ಬದುಕಿದ್ದಾಗ ಮುಳ್ಳುಕಂಟಿಯಲ್ಲಿ ನುಗ್ಗಿ ಓಡಾಡಿದ ಗುರುತು.

ಸಂಜೆ ಹೊತ್ತು ಹೋಗಿ ತಗೊಳ್ಳಿ, ನಡೆದು ಪಾದ ಉಬ್ಬಿರುತ್ತದೆ. ದಪ್ಪ ಕಾಲುಚೀಲ ಹಾಕಿಕೊಂಡೇ ಹೋಗಿ. ಲೇಸ್ ಕಟ್ಟದೆ ಪಾದವನ್ನು ಪೂರಾ ಮುಂದಕ್ಕೆ ತಳ್ಳಿ, ಹಿಮ್ಮಡಿ ಹಿಂದೆ ಒಂದು ಬೆರಳು ಹೋಗಬೇಕು. ಇವತ್ತೇ ಶುರು ಮಾಡಿ ದಿನಾ ಮನೆಯಲ್ಲಿ ಹಾಕಿಕೊಂಡು ಓಡಾಡಿ. ಹೊಸ ಶೂ ಹಾಕಿಕೊಂಡು ನೇರ ಬೇಟೆಗೆ ಹೋದರೆ ಮೊದಲ ದಿನವೇ ಹಿಮ್ಮಡಿ ಗುಳ್ಳೆ ಏಳುತ್ತದೆ.

ಜೋಬರ್ಗ್_ಹುಬ್ಳಿ

ಬೆಂಗಳೂರಿನ ಮನೆ ಅಟ್ಟದ ಮೇಲೆ ಒಂದು ಒಳ್ಳೇ ಟ್ರೆಕ್ಕಿಂಗ್ ಬೂಟು ಇದೆ. ದುಬಾರಿಯದು, ಸುಮಾರು ವರ್ಷದಿಂದ ಡಬ್ಬದಲ್ಲೇ ಇದೆ. ತಮ್ಮ ಬರುವವನಿದ್ದಾನೆ, ತರಿಸಲಾ?

ಅಟ್ಟೆ_ಹೊಲಿಗೆ

ಬೇಡ! ತರಿಸಿದರೂ ಮೊದಲು ಅಟ್ಟೆಯ ಪಕ್ಕಕ್ಕೆ ಹೆಬ್ಬೆರಳ ಉಗುರು ಒತ್ತಿ ನೋಡಿ. ಬೂಟಿನ ನಡುವಿನ ಪದರ ಸಾಮಾನ್ಯವಾಗಿ ಪಾಲಿಯುರೆಥೇನ್. ಹಾಕದೆ ಇಟ್ಟರೆ ಅದು ಹಾಗೇ ಉಳಿಯುವುದಿಲ್ಲ, ಗಾಳಿಯ ತೇವ ಕುಡಿದು ಒಳಗೊಳಗೇ ಕೊಳೆಯುತ್ತದೆ. ನೋಡಲು ಹೊಚ್ಚ ಹೊಸದು. ಹಾಕಿ ಅರ್ಧ ದಿನ ನಡೆದರೆ ಅಟ್ಟೆ ಪುಡಿಪುಡಿ. ನಮ್ಮ ಅಂಗಡಿಗೆ ಇಂಥವು ತಿಂಗಳಿಗೆ ಒಂದಾದರೂ ಬರುತ್ತವೆ, ಎಲ್ಲರದೂ ಒಂದೇ ಮಾತು: ‘ಹಾಕಿಯೇ ಇರಲಿಲ್ಲ ಸಾರ್!’ ಹಾಕದೆ ಇದ್ದುದಕ್ಕೇ ಹೋಗಿದ್ದು.

ಬಂಡೀಪುರ_ಬಸ್ಸು

ನಮ್ಮ ಅರಣ್ಯ ಇಲಾಖೆ ವಾಚರ್‌ಗಳು ಹಾಕುವ ಹಸಿರು ಕ್ಯಾನ್ವಾಸ್ ಜಂಗಲ್ ಶೂ ಯಾಕಾಗಬಾರದು? ಹಗುರ, ಸದ್ದಿಲ್ಲ, ಅಗ್ಗ.

ಅಟ್ಟೆ_ಹೊಲಿಗೆ

ನಮ್ಮ ಕಾಡಿಗೆ ಅದು ಚೆನ್ನ. ನೆನೆದರೂ ಬೇಗ ಒಣಗುತ್ತದೆ. ಆದರೆ ನಮೀಬಿಯಾದಲ್ಲಿ ನೀರೇ ಇಲ್ಲ, ಮುಳ್ಳೇ ಎಲ್ಲ. ಕ್ಯಾನ್ವಾಸನ್ನು ಕೊಕ್ಕೆಮುಳ್ಳು ಎಳೆದು ಹರಿಯುತ್ತದೆ. ಗೋರ್‌ಟೆಕ್ಸ್ ಅಂತ ನೀರು ತಡೆಯುವ ಶೂಗೆ ದುಡ್ಡು ಕೊಡುವುದೂ ಅಲ್ಲಿ ದಂಡ. ತಡೆಯಲು ಹೊರಗೆ ನೀರೇ ಇಲ್ಲ, ಒಳಗಿನ ಬೆವರು ಬೇಗ ಹೋಗುವುದಿಲ್ಲ.

ವಿಂಡ್‌ಹುಕ್_ಮಾಮ

ಅಟ್ಟೆಯವರಿಗೆ ಒಂದು ಮಾತು ಸೇರಿಸುತ್ತೇನೆ. ಅಟ್ಟೆಯ ಗೀರು ಆಳವಾಗಿದ್ದರೆ ಹಿಡಿತ ಚೆನ್ನಾಗಿರುತ್ತದೆ ಅಂತ ಅಂಗಡಿಯವರು ಹೇಳುತ್ತಾರೆ. ಬೆಟ್ಟಕ್ಕೆ ಸರಿ. ಇಲ್ಲಿ ಆ ಗೀರಿನಲ್ಲಿ ಕಲ್ಲುಚೂರು ಸಿಕ್ಕಿಕೊಂಡು ಬಂಡೆ ಮೇಲೆ ಕಾಲಿಟ್ಟಾಗ ಕಿರ್ರ್ ಅನ್ನುತ್ತದೆ. ಮಟ್ಟಸ ಅಟ್ಟೆಯೇ ವಾಸಿ. ನಮ್ಮೂರಿನ ನೆಗ್ಗಿಲು ಮುಳ್ಳು ಇಲ್ಲೂ ಬೇಕಾದಷ್ಟಿದೆ, ಆಳ ಗೀರಿಗೆ ಅದೂ ತುಂಬಿಕೊಳ್ಳುತ್ತದೆ. ರಾತ್ರಿ ಕ್ಯಾಂಪಿನಲ್ಲಿ ಬರಿಗಾಲಲ್ಲಿ ಆ ಶೂ ಪಕ್ಕ ಓಡಾಡಿ ನೋಡಿ, ಗೊತ್ತಾಗುತ್ತದೆ. ಚಪ್ಪಲಿ ಒಂದು ಜೊತೆ ತನ್ನಿ.

ಗೈಡುಗಳು ಚಡ್ಡಿ ಹಾಕಿಕೊಂಡು, ಕಾಲುಚೀಲವೂ ಇಲ್ಲದೆ ನಡೆಯುವುದನ್ನು ನೋಡಿ ನೀವೂ ಹಾಗೆ ಹೊರಡಬೇಡಿ. ಅವರ ಮೊಣಕಾಲ ಕೆಳಗೆ ನೋಡಿ, ಗೀರಿನ ಮೇಲೆ ಗೀರು. ಇಲ್ಲಿ ‘ಸ್ವಾರ್ಟ್‌ಹಾಕ್’ ಅನ್ನುವ ಕಂಟಿ ಇದೆ, ದನದ ಫಾರಂಗಳನ್ನೆಲ್ಲ ತುಂಬಿಬಿಟ್ಟಿದೆ. ಚಿಕ್ಕ ಕೊಕ್ಕೆ, ಜೋಡಿ ಜೋಡಿ. ಸಿಕ್ಕಿಕೊಂಡರೆ ಮುಂದಕ್ಕೆ ಎಳೆಯಬಾರದು, ಒಂದು ಹೆಜ್ಜೆ ಹಿಂದೆ ಬಂದು ಬಿಡಿಸಿಕೊಳ್ಳಬೇಕು. ಸ್ವೆಟರನ್ನು ಹೊರಗೆ ಹಾಕಿಕೊಂಡು ಅದರೊಳಗೆ ನುಗ್ಗಿದರೆ ಅಮ್ಮನ ಹೆಣಿಗೆ ಅಲ್ಲೇ ಬಿಚ್ಚುತ್ತದೆ. ಅಂಗಿ ಮೇಲೆ, ಸ್ವೆಟರ್ ಒಳಗೆ.

ಸೊರಬದ_ಹುಡುಗಿ

ಉಣುಗಿನ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ತಾಲೂಕಿನ ಕ್ಯಾಸನೂರಿನಲ್ಲೇ 1957ರಲ್ಲಿ ಮಂಗನ ಕಾಯಿಲೆ ಗೊತ್ತಾಗಿದ್ದು, ಹಾಗಾಗಿ ನಮಗೆ ಇದು ಮನೆ ಮಾತು. ಕಾಡಿಗೆ ಹೋಗುವಾಗ ಉಣುಗು ಹತ್ತದ ಹಾಗೆ ಕೈಕಾಲಿಗೆ ಡೀಪಾ ಎಣ್ಣೆ ಹಚ್ಚಿಕೊಳ್ಳುತ್ತೇವೆ. ಆಫ್ರಿಕಾದಲ್ಲೂ ಉಣುಗು ಕಚ್ಚಿ ಜ್ವರ ಬರುತ್ತದೆ. ಕಚ್ಚಿದ ಜಾಗದಲ್ಲಿ ಕಪ್ಪು ಹೆಕ್ಕಳೆ ಆಗುತ್ತದೆ. ಚಳಿ, ಜ್ವರ, ತಲೆನೋವು ಅಂತ ಡಾಕ್ಟರ ಹತ್ತಿರ ಹೋದರೆ ಆ ಕಪ್ಪು ಕಲೆ ತೋರಿಸಿ, ಎಲ್ಲಿ ಹೋಗಿದ್ದಿರಿ ಅಂತಲೂ ಹೇಳಿ.

ಪ್ಯಾಂಟಿನ ತುದಿ ಕಾಲುಚೀಲದ ಒಳಗೆ ಹೋಗಬೇಕು. ಚಂದ ಕಾಣಲ್ಲ, ಇರಲಿ. ಅದರ ಮೇಲೆ ಗೇಟರ್ ಅನ್ನುವ ಕಾಲುಕವಚ ಹಾಕಿದರೆ ಹುಲ್ಲಿನ ಬೀಜಕ್ಕೂ ತಡೆ. ಬಟ್ಟೆಗೆ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಸಿಂಪಡಿಸಿ ಪೂರ್ತಿ ಒಣಗಿಸಿ ಹಾಕಿಕೊಳ್ಳಿ. ಅದು ಬಟ್ಟೆಗೆ ಮಾತ್ರ, ಮೈಗಲ್ಲ. ಮನೆಯಲ್ಲಿ ಬೆಕ್ಕಿದ್ದರೆ ಒಣಗುವ ತನಕ ಹತ್ತಿರ ಬಿಡಬೇಡಿ, ಬೆಕ್ಕಿಗೆ ಅದು ವಿಷ. ಸಣ್ಣ ಉಣುಗು ರಾಶಿಯಾಗಿ ಹತ್ತಿದರೆ ಪ್ಯಾಕಿಂಗ್ ಟೇಪನ್ನು ಅಂಟು ಹೊರಗೆ ಬರುವ ಹಾಗೆ ಕೈಗೆ ಸುತ್ತಿಕೊಂಡು ಒತ್ತಿ ತೆಗೆಯಿರಿ.

ದಾರುಸ್ಸಲಾಂ_ಅಕ್ಕ

ಹುಡುಗಿ ಸರಿಯಾಗಿ ಹೇಳಿದ್ದಾಳೆ. ನಾನು ತಾಂಜಾನಿಯಾ ಕಡೆಯ ಮಾತು ಹೇಳುತ್ತೇನೆ, ನಿಮ್ಮ ಜಾಂಬಿಯಾ ಭಾಗಕ್ಕೂ ಬೇಕಾದೀತು. ಲಿವಿಂಗ್‌ಸ್ಟನ್ ಊರೊಳಗೆ ತೊಂದರೆ ಇಲ್ಲ. ಆದರೆ ಅಲ್ಲಿಂದ ಕಾಫೂಯೆ ಕಾಡಿಗೋ ಲುವಾಂಗ್ವಾಕ್ಕೋ ಹೋಗುವ ಮನಸ್ಸಾದರೆ ತ್ಸೆತ್ಸೆ ನೊಣ ಇದೆ. ಅದಕ್ಕೆ ಕಪ್ಪು, ನೀಲಿ ಕಂಡರೆ ಆಸೆ. ಅದನ್ನು ಹಿಡಿಯಲು ನೇತುಹಾಕುವ ಬಲೆಗಳೂ ಕಪ್ಪು ನೀಲಿ ಬಟ್ಟೆಯವೇ. ತೆಳು ಅಂಗಿ, ಲೆಗ್ಗಿಂಗ್ಸ್ ಮೇಲಿಂದಲೇ ಕಚ್ಚುತ್ತದೆ, ಸೂಜಿ ಚುಚ್ಚಿದ ಹಾಗೆ. ಹೆಂಡತಿಗೆ ಕಪ್ಪು ಲೆಗ್ಗಿಂಗ್ಸ್ ಬೇಡ ಅಂತ ಹೇಳಿ.

ಬಟ್ಟೆ ಎಷ್ಟು ಜೊತೆ ಅಂತ ಚಿಂತೆ ಬೇಡ. ಕ್ಯಾಂಪುಗಳಲ್ಲಿ ದಿನಾ ಒಗೆದು ಕೊಡುತ್ತಾರೆ, ಮೂರು ಜೊತೆ ಸಾಕು. ಒಗೆದ ಬಟ್ಟೆ ಇಸ್ತ್ರಿ ಮಾಡಿಯೇ ಕೊಡುತ್ತಾರೆ, ಒಳಚಡ್ಡಿ ಕೂಡ. ನಗಬೇಡಿ. ಈ ಕಡೆ ಒಂದು ನೊಣ ಇದೆ, ಒದ್ದೆ ಬಟ್ಟೆಯ ಮೇಲೆ ಮೊಟ್ಟೆ ಇಡುತ್ತದೆ. ಅದನ್ನು ಹಾಗೇ ಹಾಕಿಕೊಂಡರೆ ಹುಳ ಚರ್ಮದೊಳಗೆ ಸೇರಿ ಕುರುವಿನ ಹಾಗೆ ಏಳುತ್ತದೆ. ನೀವೇ ಒಗೆದರೆ ಹೊಲಿಗೆ ಸಂದು, ಎಲಾಸ್ಟಿಕ್ ಎಲ್ಲದರ ಮೇಲೂ ಬಿಸಿ ಇಸ್ತ್ರಿ ಓಡಿಸಿ.

ಹೆಂಗಸರಿಗೆ ಒಂದು ಉಪಾಯ. ಮಂಡಿ ಮುಟ್ಟುವ ಮಾಸಲು ಬಣ್ಣದ ದೊಗಳೆ ಕುರ್ತಾ, ಕೆಳಗೆ ಪ್ಯಾಂಟು. ಬಯಲಲ್ಲಿ ಗಾಡಿ ನಿಲ್ಲಿಸಿ ಪೊದೆ ಹಿಂದೆ ಹೋಗಬೇಕಾದಾಗ ಕುರ್ತಾದಷ್ಟು ಮರೆ ಯಾವ ಸಫಾರಿ ಡ್ರೆಸ್ಸೂ ಕೊಡಲ್ಲ. ಕಾಟನ್ ದುಪಟ್ಟಾ ಒಂದಿದ್ದರೆ ಧೂಳಿಗೆ ಮೂಗು, ಬಿಸಿಲಿಗೆ ಕುತ್ತಿಗೆ ಎರಡೂ ಮುಚ್ಚುತ್ತದೆ.

ಯಾವಾಗಾದರೂ ಈ ಕಡೆ ಬಂದರೆ ಬಟ್ಟೆಯನ್ನು ಪ್ಲಾಸ್ಟಿಕ್ ಕ್ಯಾರಿಬ್ಯಾಗಿನಲ್ಲಿ ಸುತ್ತಿ ತರಬೇಡಿ. ತಾಂಜಾನಿಯಾದಲ್ಲಿ 2019ರಿಂದ ನಿಷೇಧ. ಕಾಡಿನ ಸಣ್ಣ ವಿಮಾನಗಳಲ್ಲಿ ಲಗೇಜು ಸಾಮಾನ್ಯವಾಗಿ 15 ಕೆಜಿ, ಚಕ್ರದ ಸೂಟ್‌ಕೇಸ್ ತೂರುವುದೇ ಇಲ್ಲ.

ಜೋಬರ್ಗ್_ಹುಬ್ಳಿ

ಅಕ್ಕಾ, ಇದನ್ನು ಹೆಂಡತಿಗೆ ಓದಿ ಹೇಳಿದೆ. ಕುರ್ತಾ ಮಾತು ಬಹಳ ಹಿಡಿಸಿತು. ಅವಳದೊಂದು ಪ್ರಶ್ನೆ. ಅವಳು ಚರ್ಮದ ಶೂ ಹಾಕುವುದಿಲ್ಲ. ಕಾಡಲ್ಲಿ ಜಾಸ್ತಿ ನಡೆಯುವುದೂ ಇಲ್ಲ. ಏನು ಮಾಡಬೇಕು?

ಅಟ್ಟೆ_ಹೊಲಿಗೆ

ಅವರಿಗೆ ಬಂಡೀಪುರದವರು ಹೇಳಿದ ಜಂಗಲ್ ಶೂ ಸರಿಹೋಗುತ್ತದೆ. ಚಿಕ್ಕ ಸೈಜಿನಲ್ಲೂ ಸಿಗುತ್ತದೆ. ಒಳಗಿನ ತೆಳು ಅಟ್ಟೆ ತೆಗೆದು ಒಳ್ಳೆಯದೊಂದು ಹಾಕಿಕೊಳ್ಳಲಿ, ಅದರದು ಬರೀ ರಟ್ಟು.

ಲುಸಾಕಾ_ಶೆಟ್ರು

ಜುಲೈನಲ್ಲೂ ಜಲಪಾತದ ತುಂತುರು ಜೋರಾಗಿಯೇ ಇರುತ್ತದೆ. ಅಂಚಿನ ಕಾಲುದಾರಿಯಲ್ಲಿ ತೊಪ್ಪೆಯಾಗುತ್ತೀರಿ. ಹಾಗಾಗಿ ಮೇಡಂ ಕ್ಯಾನ್ವಾಸ್ ಶೂ ಅಲ್ಲಿ ನಿಮ್ಮ ಚರ್ಮದ ಶೂಗಿಂತ ವಾಸಿ. ನೀವು ಅವತ್ತು ಪಟ್ಟಿ ಇರುವ ಸ್ಯಾಂಡಲ್ ಹಾಕಿ. ಸರಸರ ಮಳೆ ಜಾಕೆಟ್ ಇದೆ ಅಂದಿರಲ್ಲ, ಅದಕ್ಕೆ ಕೆಲಸ ಸಿಗುವುದು ಅಲ್ಲೇ.

ಗಬರೋನ್_ಗೌಡ

ದಾರಿ ಯಾವುದು? ನಮೀಬಿಯಾದ ಕಟೀಮಾದಿಂದ ಎನ್‌ಗೋಮಾ ಗಡಿ, ಕಸಾನೆ, ಕಜುಂಗುಲಾ ಸೇತುವೆ ತಾನೇ? ಹಾಗಾದರೆ ಒಂದು ಮಾತು. ಬೋಟ್ಸ್ವಾನಾದಲ್ಲಿ ದನದ ಕಾಲುಬಾಯಿ ರೋಗ ಹರಡದಂತೆ ಅಲ್ಲಲ್ಲಿ ತಪಾಸಣೆ ಗೇಟುಗಳಿವೆ. ಕಾರಿನ ಚಕ್ರ ಔಷಧಿ ನೀರಿನಲ್ಲಿ ಹಾಯಬೇಕು, ನೀವು ಇಳಿದು ಒದ್ದೆ ಚಾಪೆಯ ಮೇಲೆ ಶೂ ಒರೆಸಬೇಕು. ಹಾಕಿಕೊಂಡಿದ್ದಷ್ಟೇ ಅಲ್ಲ, ‘ಬೇರೆ ಶೂ ಇದೆಯಾ, ತೆಗೀರಿ’ ಅನ್ನುತ್ತಾರೆ. ಎಲ್ಲ ಜೊತೆಯನ್ನೂ ಒಂದು ಬಟ್ಟೆ ಚೀಲಕ್ಕೆ ಹಾಕಿ ಡಿಕ್ಕಿಯಲ್ಲಿ ಕೈಗೆ ಸಿಗುವ ಹಾಗೆ ಇಡಿ. ಫಾರಂ ಮಣ್ಣನ್ನು ಅಲ್ಲೇ ಬ್ರಷ್ ಹಾಕಿ ತೆಗೆದು ಹೊರಟರೆ ಮಾತೇ ಬರಲ್ಲ.

ಅಟ್ಟೆ_ಹೊಲಿಗೆ

ಆ ಔಷಧಿ ನೀರು ಒಣಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ, ಸ್ವಲ್ಪ ಜೇನುಮೇಣ ತಿಕ್ಕಿ. ಇಲ್ಲದಿದ್ದರೆ ಚರ್ಮ ಬಿರುಕು ಬಿಡುತ್ತದೆ. ಬೆಂಕಿ ಹತ್ತಿರ ಮಾತ್ರ ಇಡಬೇಡಿ.

ಜೋಬರ್ಗ್_ಹುಬ್ಳಿ

ಎಲ್ಲರಿಗೂ ದೊಡ್ಡ ನಮಸ್ಕಾರ. ಸ್ವೆಟರ್ ಬಾಲ್ಕನಿಗೆ ಹೋಯಿತು. ಕ್ಯಾಮೊಫ್ಲಾಜ್ ಪ್ಯಾಂಟು ಅಟ್ಟಕ್ಕೆ. ಇವತ್ತು ಸಂಜೆ ದಪ್ಪ ಕಾಲುಚೀಲ ಹಾಕಿಕೊಂಡು ಶೂ ಅಂಗಡಿಗೆ ಹೋಗಿದ್ದೆ. ಕೂಡು ಚರ್ಮದ್ದು ನನ್ನ ಅಳತೆಗೆ ಸಿಗಲಿಲ್ಲ, ದನದ ಚರ್ಮದ್ದು ತಗೊಂಡೆ. ಸುತ್ತ ಹೊಲಿಗೆ ಕಾಣುತ್ತದೆ, ಅಟ್ಟೆ ಮಟ್ಟಸ. ಎಡಗಾಲಿನ ಕಿರುಬೆರಳ ಹತ್ತಿರ ಸ್ವಲ್ಪ ಒತ್ತುತ್ತದೆ. ಬದಲಾಯಿಸಲಾ, ಹಾಕುತ್ತಾ ಹಾಕುತ್ತಾ ಸರಿಹೋಗುತ್ತದಾ?

ಅಟ್ಟೆ_ಹೊಲಿಗೆ

ಅಗಲಕ್ಕೆ ಒತ್ತಿದರೆ ಚರ್ಮ ಬಿಡುತ್ತದೆ, ಎರಡು ವಾರ ಹಾಕಿ. ಉದ್ದಕ್ಕೆ ಒತ್ತಿದರೆ ಬಿಡುವುದಿಲ್ಲ, ನಾಳೆಯೇ ಬದಲಾಯಿಸಿ. ಹೊರಗೆ ಹಾಕಿ ಅಟ್ಟೆ ಕೊಳೆ ಮಾಡಬೇಡಿ, ವಾಪಸ್ ತಗೊಳ್ಳಲ್ಲ.